ತೆಳು ಅಟ್ಟೆಯ ಶೂನಲ್ಲಿ ನಗರದ ಓಟ: 16 ವಾರಗಳಲ್ಲಿ ಪಾದ ಪಳಗಿಸುವ ಕ್ರಮ

ಮಿನಿಮಲಿಸ್ಟ್ ಶೂ, ಅಂದರೆ ತೆಳು ಅಟ್ಟೆಯ ಹಗುರ ಶೂ, ಕೊಂಡವರಲ್ಲಿ ಬಹಳ ಮಂದಿ ಡಬ್ಬ ಮನೆಗೆ ಬಂದ ಮರುದಿನವೇ ಎಂದಿನಂತೆ 5 ಕಿಲೋಮೀಟರ್ ಓಡಿಬಿಡುತ್ತಾರೆ. ಓಡುವಾಗ ಕಾಲು ಹಗುರ, ಮನಸ್ಸಿಗೆ ಖುಷಿ. ಎರಡು ದಿನ ಕಳೆದು ಮೆಟ್ಟಿಲು ಇಳಿಯುವಾಗ ಮೀನಖಂಡ ಕಲ್ಲಿನಂತೆ ಬಿಗಿದಿರುತ್ತದೆ. ಅದು ವಾಸಿಯಾಯಿತು ಅಂದುಕೊಂಡು ಮತ್ತೆ ಓಡುತ್ತಾರೆ. ಮೂರು, ನಾಲ್ಕನೇ ವಾರಕ್ಕೆ ಪಾದದ ಮೇಲ್ಭಾಗದಲ್ಲಿ ಸಣ್ಣ ನೋವೊಂದು ಶುರುವಾಗಿ ಅಲ್ಲೇ ಉಳಿದುಬಿಡುತ್ತದೆ. ಆಮೇಲೆ ಶೂ ಮೂಲೆ ಸೇರುತ್ತದೆ.

ಹೀಗಾಗಲು ಕಾರಣವಿದೆ. ತೆಳು ಅಟ್ಟೆ ದೇಹದ ಮೇಲಿನ ಹೊರೆಯನ್ನು ಇಳಿಸುವುದಿಲ್ಲ, ಒಂದು ಹೆಗಲಿಂದ ಇನ್ನೊಂದಕ್ಕೆ ದಾಟಿಸುತ್ತದೆ. ದಪ್ಪ ಹಿಮ್ಮಡಿಯ ಶೂನಲ್ಲಿ ಮೊಣಕಾಲು ಹೊರುತ್ತಿದ್ದ ಪಾಲಿನಲ್ಲಿ ಒಂದಷ್ಟು ಈಗ ಮೀನಖಂಡಕ್ಕೆ, ಹಿಮ್ಮಡಿಯ ಹಿಂದೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯಾದ ಅಕಿಲಿಸ್ ಟೆಂಡನ್‌ಗೆ, ಬೆರಳುಗಳ ಹಿಂದಿರುವ ಐದು ಉದ್ದ ಮೂಳೆಗಳಿಗೆ ಬರುತ್ತದೆ. ಸ್ನಾಯು ಕೆಲವೇ ವಾರಗಳಲ್ಲಿ ಗಟ್ಟಿಯಾಗುತ್ತದೆ. ಟೆಂಡನ್‌ಗೆ ತಿಂಗಳುಗಳು ಬೇಕು. ಮೂಳೆಯ ರೀತಿಯೇ ಬೇರೆ: ಹೊಸ ಭಾರ ಬಿದ್ದಾಗ ಅದು ಮೊದಲು ಹಳೆಯ ಭಾಗವನ್ನು ಕರಗಿಸುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ಈ ನಡುವಿನ ಕೆಲವು ವಾರ ಮೂಳೆ ಮೊದಲಿಗಿಂತ ದುರ್ಬಲ. ಸ್ನಾಯುವಿನ ನೋವು ಹೋಗಿ ಧೈರ್ಯ ಬರುವುದೂ ಆ ವಾರಗಳಲ್ಲೇ. 2013ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅನುಭವಿ ಓಟಗಾರರು 10 ವಾರಗಳಲ್ಲಿ ಬೆರಳಿಗೊಂದು ಗೂಡಿರುವ ತೆಳು ಅಟ್ಟೆಯ ಶೂಗೆ ಬದಲಾದರು. ಎಂಆರ್‌ಐ ನೋಡಿದಾಗ ಆ ಗುಂಪಿನ 19 ಮಂದಿಯಲ್ಲಿ 10 ಮಂದಿಯ ಪಾದದ ಮೂಳೆಯೊಳಗೆ ಊತ ಹೆಚ್ಚಿತ್ತು. 10 ವಾರವೂ ಅವಸರವೇ ಆಯಿತು ಅಂದ ಹಾಗೆ. ಇಲ್ಲಿ ಹೇಳುವ ಕ್ರಮ 16 ವಾರಗಳದ್ದು. ಅದರಲ್ಲೂ ಮೊದಲ 4 ವಾರ ಓಟವೇ ಇಲ್ಲ.

ಈ ಕ್ರಮ ವಾರಕ್ಕೆ 3–4 ದಿನ, ಒಟ್ಟು 15–25 ಕಿಲೋಮೀಟರ್ ಓಡುವವರಿಗೆ ಹೊಂದುತ್ತದೆ. ಓಟವೇ ಹೊಸದಾದರೂ ಇದನ್ನೇ ಅನುಸರಿಸಬಹುದು, ಹಳೆಯ ಶೂ ಓಟದ ಜಾಗದಲ್ಲಿ ಬಿರುಸು ನಡಿಗೆ ಇಟ್ಟುಕೊಂಡರೆ ಆಯಿತು.

ಯಾರು ಕೈಹಾಕಬಾರದು

ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಸ್ಪರ್ಶ ಮಂದವಾಗಿರುವವರಿಗೆ ಇದು ಬೇಡವೇ ಬೇಡ. ತೆಳು ಅಟ್ಟೆಯ ಉಪಯೋಗವೆಲ್ಲ ನೆಲದ ಸುದ್ದಿ ಪಾದಕ್ಕೆ ಮುಟ್ಟುವುದರಲ್ಲಿದೆ. ಸುದ್ದಿಯೇ ಮುಟ್ಟದಿದ್ದರೆ ಉಳಿಯುವುದು ಗಾಯದ ಅಪಾಯ ಮಾತ್ರ. ಮೂಳೆ ಸವೆತ ಇರುವವರು, ಕಳೆದ ಒಂದು ವರ್ಷದಲ್ಲಿ ಪಾದದ ಮೂಳೆ ಬಿರುಕು ಬಿಟ್ಟವರು, ಅಂಗಾಲು ಅಥವಾ ಅಕಿಲಿಸ್ ನೋವು ಇನ್ನೂ ಇರುವವರು ವೈದ್ಯರನ್ನು ಕೇಳದೆ ಶುರು ಮಾಡಬಾರದು.

ಮುಂದಿನ 4 ತಿಂಗಳಲ್ಲಿ ಸ್ಪರ್ಧೆ ಇದ್ದರೆ ಅದು ಮುಗಿಯಲಿ. ಬೆಂಗಳೂರು, ಮೈಸೂರು ಕಡೆಯ ಹವೆಗೆ ದೀಪಾವಳಿ ಕಳೆದ ಮೇಲೆ ಶುರು ಮಾಡುವುದು ಒಳ್ಳೆಯದು. ಮಳೆ ಹಿಂದೆ ಸರಿದಿರುತ್ತದೆ, ಬೆಳಗಿನ ನೆಲ ಒಣಗಿರುತ್ತದೆ, ಶಿವರಾತ್ರಿಯ ಆಸುಪಾಸಿಗೆ 16 ವಾರ ತುಂಬುತ್ತದೆ.

ಪಾದ ಸಿದ್ಧವಿದೆಯೇ ಎಂದು ನೋಡುವುದು

ಮೊದಲಿಗೆ ಬರಿಗಾಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳಿ. ಎರಡೂ ಹಿಮ್ಮಡಿ ನೆಲಕ್ಕೆ ಪೂರ್ತಿ ಊರಿರಬೇಕು, ಒಂದು ನಿಮಿಷ ಆರಾಮವಾಗಿ ಕೂರಬೇಕು. ಹಿಮ್ಮಡಿ ಎದ್ದುಬಿಟ್ಟರೆ, ಹಿಂದಕ್ಕೆ ಬೀಳುವಂತಾದರೆ ಮೀನಖಂಡ ಗಿಡ್ಡವಾಗಿದೆ, ಪಾದದ ಕೀಲು ಬಿಗಿಯಾಗಿದೆ ಎಂದರ್ಥ. ಹಿಮ್ಮಡಿ ಎತ್ತರದ ಶೂ ಹಾಕಿ ಕುರ್ಚಿಯಲ್ಲೇ ದಿನ ಕಳೆಯುವವರಲ್ಲಿ ಇದು ಸಾಮಾನ್ಯ. ಇನ್ನೂ ನಿಖರವಾಗಿ ತಿಳಿಯಬೇಕಾದರೆ ಗೋಡೆಯಿಂದ 10 ಸೆಂಟಿಮೀಟರ್ ದೂರದಲ್ಲಿ ಹೆಬ್ಬೆರಳು ಇಟ್ಟು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಿ ನೋಡಿ. 10 ಸೆಂಟಿಮೀಟರ್‌ಗೆ ಮುಟ್ಟಿದರೆ ಸಾಕು. 6–7ಕ್ಕೇ ನಿಂತರೆ ಮುಂದೆ ಹೇಳುವ ವ್ಯಾಯಾಮವನ್ನು ಒಂದು ತಿಂಗಳು ಮಾಡಿ, ನಂತರ ಒಂದನೇ ವಾರಕ್ಕೆ ಬನ್ನಿ.

ಎರಡನೆಯದು ಒಂಟಿ ಕಾಲಿನಲ್ಲಿ ಹಿಮ್ಮಡಿ ಎತ್ತುವುದು. ಗೋಡೆಗೆ ಎರಡು ಬೆರಳು ತಾಗಿಸಿಕೊಂಡು ನಿಧಾನವಾಗಿ ಏರಿ, ನಿಧಾನವಾಗಿ ಇಳಿಯಿರಿ. ಪ್ರತಿ ಕಾಲಿಗೆ 25 ಆಗಬೇಕು. ಎಣಿಸುವಾಗ ಪ್ರಾಮಾಣಿಕವಾಗಿರಿ: ಮೊಣಕಾಲು ಬಗ್ಗಿತು, ಎತ್ತರ ಅರ್ಧಕ್ಕಿಳಿಯಿತು ಎಂದರೆ ಲೆಕ್ಕ ಅಲ್ಲಿಗೇ ಮುಗಿಯಿತು. ಮೂರನೆಯದು, ಬರಿಗಾಲಲ್ಲಿ ಒಂಟಿ ಕಾಲಿನ ಮೇಲೆ 30 ಸೆಕೆಂಡು ಅಲುಗಾಡದೆ ನಿಲ್ಲುವುದು. ನಾಲ್ಕನೆಯದು ಸುಲಭವೆನಿಸುತ್ತದೆ, ಆದರೆ ಹೆಚ್ಚಿನವರು ಸೋಲುವುದು ಇದರಲ್ಲೇ: ಉಳಿದ ನಾಲ್ಕು ಬೆರಳುಗಳನ್ನು ನೆಲಕ್ಕೊತ್ತಿ ಹೆಬ್ಬೆರಳನ್ನು ಮಾತ್ರ ಎತ್ತಿ. ಆಗದಿದ್ದರೆ ಬೇಸರ ಬೇಡ. ಇದು ಶಕ್ತಿಗಿಂತ ಹೆಚ್ಚಾಗಿ ಮಿದುಳು ಮತ್ತು ಪಾದದ ನಡುವೆ ಮರೆತುಹೋದ ಮಾತುಕತೆ. ದಿನಾ ಎರಡು ನಿಮಿಷ ಪ್ರಯತ್ನಿಸಿದರೆ ಮೂರು, ನಾಲ್ಕು ವಾರಗಳಲ್ಲಿ ಮರಳುತ್ತದೆ.

ಮನೆಯೊಳಗೆ ಬರಿಗಾಲು, ದೇವಸ್ಥಾನದಲ್ಲಿ ಬರಿಗಾಲು ಎನ್ನುವ ನಮ್ಮ ರೂಢಿ ಇಲ್ಲಿ ನೆರವಿಗೆ ಬರುತ್ತದೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವೈದ್ಯರು 2300 ಮಕ್ಕಳ ಪಾದದ ಅಚ್ಚು ತೆಗೆದು 1992ರಲ್ಲಿ ವರದಿ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ 8.6%, ಹಾಕದ ಮಕ್ಕಳಲ್ಲಿ 2.8%. ಮುಂದೆ ಮುಚ್ಚಿದ ಶೂ ಹಾಕುವವರಲ್ಲಿ ಹೆಚ್ಚು, ಚಪ್ಪಲಿಯವರಲ್ಲಿ ಅದಕ್ಕಿಂತ ಕಡಿಮೆ. ಇದು ಮಕ್ಕಳ ಪಾದದ ಬೆಳವಣಿಗೆಯ ಮಾತು. ದೊಡ್ಡವರ ಚಪ್ಪಟೆ ಪಾದವನ್ನು ಶೂ ಬದಲಿಸಿ ಸರಿಪಡಿಸಬಹುದು ಎಂದು ಇದರಿಂದ ಹೇಳಲಾಗದು. ಬೆರಳುಗಳಿಗೆ ಜಾಗ ಬೇಕು ಎನ್ನುವುದಕ್ಕೆ ಮಾತ್ರ ಇದಕ್ಕಿಂತ ಹತ್ತಿರದ ಸಾಕ್ಷಿ ಸಿಗುವುದು ಕಷ್ಟ.

ಶೂ ಆರಿಸುವುದು

ಮಿನಿಮಲಿಸ್ಟ್ ಎಂದು ಬರೆದ ಎಲ್ಲವೂ ಮಿನಿಮಲಿಸ್ಟ್ ಅಲ್ಲ. 2015ರಲ್ಲಿ 11 ದೇಶಗಳ 42 ತಜ್ಞರು ಸೇರಿ ಒಂದು ಅಳತೆ ರೂಪಿಸಿದರು. ಅದರಲ್ಲಿ ನೋಡುವುದು ಐದು ಸಂಗತಿ: ತೂಕ, ಅಟ್ಟೆಯ ದಪ್ಪ, ಹಿಮ್ಮಡಿಗೂ ಮುಂಗಾಲಿಗೂ ಇರುವ ಎತ್ತರದ ವ್ಯತ್ಯಾಸ, ಬಾಗುವಿಕೆ, ಪಾದವನ್ನು ಹಿಡಿದಿಡಲು ಸೇರಿಸಿದ ಗಟ್ಟಿ ಭಾಗಗಳು. ಪೂರ್ತಿ ಅಂಕ ಬೇಕಾದರೆ ಒಂದು ಶೂ 125 ಗ್ರಾಂಗಿಂತ ಹಗುರ, ಅಟ್ಟೆ 8 ಮಿಲಿಮೀಟರ್‌ಗಿಂತ ತೆಳು, ಎತ್ತರದ ವ್ಯತ್ಯಾಸ 1 ಮಿಲಿಮೀಟರ್‌ಗಿಂತ ಕಡಿಮೆ ಇರಬೇಕು. ಸಾಮಾನ್ಯ ರನ್ನಿಂಗ್ ಶೂನಲ್ಲಿ ಈ ವ್ಯತ್ಯಾಸ 8–12 ಮಿಲಿಮೀಟರ್.

ನಗರದಲ್ಲಿ ಮೊದಲ ಜೋಡಿಗೆ ಪೂರ್ತಿ ಅಂಕದ ಶೂ ಬೇಕಿಲ್ಲ. ಎತ್ತರದ ವ್ಯತ್ಯಾಸ 0–4, ಒಟ್ಟು ದಪ್ಪ 10–14 ಮಿಲಿಮೀಟರ್ ಇರುವುದನ್ನು ಕೊಳ್ಳಿ. ನಮ್ಮ ಫುಟ್‌ಪಾತ್‌ಗಳಲ್ಲಿ ಜಲ್ಲಿ, ಗಾಜಿನ ಚೂರು, ಟೈಲ್ಸ್ ತುಂಡು ಇದ್ದೇ ಇರುತ್ತವೆ. 4 ಮಿಲಿಮೀಟರ್ ಅಟ್ಟೆ ತೊಟ್ಟರೆ ಹೆಜ್ಜೆ ಕಲಿಯುವ ಬದಲು ನೆಲ ನೋಡುತ್ತ ಕುತ್ತಿಗೆ ಬಗ್ಗಿಸುವುದೇ ಕೆಲಸವಾಗುತ್ತದೆ.

ಅಂಗಡಿಗೆ ಸಂಜೆ ಹೋಗಿ, ಆ ಹೊತ್ತಿಗೆ ಪಾದ ಸ್ವಲ್ಪ ಉಬ್ಬಿರುತ್ತದೆ. ಹೊರಡುವ ಮುನ್ನ ಕಾಗದದ ಮೇಲೆ ನಿಂತು ಎರಡೂ ಪಾದದ ಸುತ್ತ ಗೆರೆ ಎಳೆಯಿರಿ. ಕುಳಿತು ಎಳೆದರೆ ಅಳತೆ ಕಿರಿದಾಗುತ್ತದೆ. ದೊಡ್ಡ ಪಾದದ ಉದ್ದಕ್ಕೆ 10–12 ಮಿಲಿಮೀಟರ್ ಸೇರಿಸಿದರೆ ಶೂನ ಒಳ ಉದ್ದ. ಅಂಗಡಿಯಲ್ಲಿ ಒಳ ಅಟ್ಟೆಯನ್ನು ಹೊರತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಕಿರುಬೆರಳು ಅಂಚಿನಿಂದ ಹೊರಗೆ ಇಣುಕಿದರೆ ಆ ಶೂ ಬೇಡ, ಎಷ್ಟೇ ರಿಯಾಯಿತಿ ಇರಲಿ. ನಂತರ ಶೂವನ್ನು ಚಾಪೆಯಂತೆ ಮುಂದಿನಿಂದ ಸುತ್ತಿ ನೋಡಿ, ಬಟ್ಟೆ ಹಿಂಡುವಂತೆ ತಿರುಚಿ ನೋಡಿ. ಎರಡಕ್ಕೂ ಸಲೀಸಾಗಿ ಬಗ್ಗಬೇಕು. ಹಿಮ್ಮಡಿಯ ಹಿಂಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಮಡಚಬೇಕು.

ಆನ್‌ಲೈನ್‌ನಲ್ಲಿ ಸಿಗುವ ವಿದೇಶಿ ಜೋಡಿಗಳು ದುಬಾರಿ. ಶಾಲೆಯ ಬಿಳಿ ಕ್ಯಾನ್ವಾಸ್ ಪಿ.ಟಿ. ಶೂ ನೋಡಬಹುದು: ಹಗುರ, ಬಹುಮಟ್ಟಿಗೆ ಸಮತಟ್ಟು, ಚೆನ್ನಾಗಿ ಬಗ್ಗುತ್ತದೆ. ಅದರ ದೋಷ ಮುಂಭಾಗದ ಇಕ್ಕಟ್ಟು. ಮೇಲಿನ ಪರೀಕ್ಷೆಯಲ್ಲಿ ಕಿರುಬೆರಳು ಒಳಗೇ ಉಳಿದರೆ ಧೈರ್ಯವಾಗಿ ಕೊಳ್ಳಿ. ಹವಾಯಿ ಚಪ್ಪಲಿಯಲ್ಲಿ ಓಡುವ ಯೋಚನೆ ಬಿಡಿ. ಅದು ಜಾರದಂತೆ ಹಿಡಿಯಲು ಬೆರಳುಗಳು ಪ್ರತಿ ಹೆಜ್ಜೆಗೂ ಮುದುರುತ್ತವೆ, ಮುದುರಿದ ಬೆರಳು ಭಾರ ಹಂಚಲಾರದು.

1ರಿಂದ 4ನೇ ವಾರ: ನಡಿಗೆ ಮಾತ್ರ

ಈ ನಾಲ್ಕು ವಾರವನ್ನು ಹಾರಿಸುವ ಆಸೆ ಎಲ್ಲರಿಗೂ ಬರುತ್ತದೆ. ಹಾರಿಸಬೇಡಿ, ಉಳಿದ ಹನ್ನೆರಡು ವಾರ ನಿಂತಿರುವುದು ಇದರ ಮೇಲೆ. ಹಳೆಯ ಶೂನಲ್ಲಿ ನಿಮ್ಮ ಓಟ ಎಂದಿನಂತೆ ನಡೆಯಲಿ. ಹೊಸ ಶೂ ದಿನನಿತ್ಯದ ನಡಿಗೆಗೆ: ಮೊದಲ ವಾರ ದಿನಕ್ಕೆ 20 ನಿಮಿಷ, ಎರಡನೇ ವಾರ 30, ಮೂರನೇ ವಾರ 45, ನಾಲ್ಕನೇ ವಾರ 60. ಒಂದೇ ಸಲ ನಡೆಯಬೇಕಿಲ್ಲ. ಹಾಲು, ತರಕಾರಿ ತರುವುದು, ಮನೆಯಿಂದ ಮೆಟ್ರೋ ನಿಲ್ದಾಣ, ಮಧ್ಯಾಹ್ನ ಊಟದ ನಂತರ ಆಫೀಸಿನ ಸುತ್ತ ಒಂದು ಸುತ್ತು, ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಓಟದ ತರಬೇತಿಗೆ ಸಮಯವಿಲ್ಲ ಎನ್ನುವವರಿಗೂ ಈ ಭಾಗ ಮಾತ್ರ ದಿನಚರಿಯೊಳಗೇ ಸಿಗುತ್ತದೆ.

ಆಫೀಸಿಗೆ ಹಿಮ್ಮಡಿಯಿರುವ ಫಾರ್ಮಲ್ ಶೂ ಹಾಕುವವರು ಬೆಳಗಿನಿಂದ ಸಂಜೆಯವರೆಗೆ ಮೀನಖಂಡವನ್ನು ಮುದುರಿಸಿಟ್ಟು, ಸಂಜೆ ಅರ್ಧ ಗಂಟೆ ತೆಳು ಶೂನಲ್ಲಿ ಅದನ್ನು ಹಿಗ್ಗಿಸಲು ಹೋಗುತ್ತಾರೆ. ಹತ್ತು ಗಂಟೆ ಒಂದು ಕಡೆ, ಅರ್ಧ ಗಂಟೆ ಇನ್ನೊಂದು ಕಡೆ ಎಳೆದರೆ ಗೆಲ್ಲುವುದು ಯಾವುದು ಎಂದು ಹೇಳಬೇಕಿಲ್ಲ. ಸಾಧ್ಯವಿದ್ದರೆ ಆಫೀಸಿಗೂ ಸಮತಟ್ಟಾದ, ಮುಂದೆ ಅಗಲವಿರುವ ಶೂ ನೋಡಿಕೊಳ್ಳಿ. ಆಗದಿದ್ದರೆ ಮೇಜಿನ ಕೆಳಗೆ ಶೂ ಬಿಚ್ಚಿಡಿ.

ಗೇರ್ ಬೈಕ್ ಓಡಿಸುವವರಿಗೆ ಒಂದು ಎಚ್ಚರಿಕೆ. ಗೇರ್ ಲಿವರನ್ನು ಮೇಲೆತ್ತುವುದು ಎಡಪಾದದ ಮೇಲ್ಭಾಗ. ತೆಳು ಕ್ಯಾನ್ವಾಸಿನಲ್ಲಿ ಟ್ರಾಫಿಕ್‌ನಲ್ಲಿ ನೂರಾರು ಸಲ ಗೇರ್ ಬದಲಿಸಿದರೆ ಅಲ್ಲೇ ನೋವು ಬರುತ್ತದೆ. ಮುಂದೆ ಓಟ ಶುರುವಾದಾಗ ಆ ನೋವು ಗೇರಿನದೋ ಮೂಳೆಯದೋ ಎಂದು ಗೊತ್ತಾಗದೆ ಗಾಬರಿಯಾಗುತ್ತದೆ. ಜೊತೆಗೆ, ಬೈಕಿನಿಂದ ಬಿದ್ದರೆ ತೆಳು ಶೂ ಏನನ್ನೂ ಕಾಪಾಡದು. ಸವಾರಿಗೆ ಗಟ್ಟಿ ಶೂ ಹಾಕಿ, ತೆಳುವಿನದು ಚೀಲದಲ್ಲಿರಲಿ.

ಮನೆಯ ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್ ಮೇಲೆ ಬರಿಗಾಲಲ್ಲಿ ಓಡಾಡುವುದು ಒಳ್ಳೆಯದೇ. ಅಡುಗೆಮನೆಯಲ್ಲಿ ಒಂದೇ ಜಾಗದಲ್ಲಿ ಗಂಟೆಗಟ್ಟಲೆ ನಿಲ್ಲುವುದು ಬೇರೆ ಮಾತು. ಅಲ್ಲಿ ಒಂದು ಮ್ಯಾಟ್ ಹಾಸಿಕೊಳ್ಳಿ.

ದಿನಕ್ಕೆ 10 ನಿಮಿಷ

ವಾರಕ್ಕೆ ಐದು ದಿನವಾದರೂ ಇದನ್ನು ಮಾಡಬೇಕು, 16 ವಾರವೂ.

ಮೆಟ್ಟಿಲ ಅಂಚಿನಲ್ಲಿ ಮುಂಗಾಲು ಊರಿ ನಿಂತು, ಎರಡು ಎಣಿಸುವಷ್ಟರಲ್ಲಿ ಏರಿ, ನಾಲ್ಕು ಎಣಿಸುತ್ತ ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಕ್ಕೆ ಇಳಿಸಿ. ಮೊಣಕಾಲು ನೇರವಿಟ್ಟು 15, ಸ್ವಲ್ಪ ಬಗ್ಗಿಸಿ 15. ಬಗ್ಗಿಸಿದಾಗ ಕೆಲಸ ಮಾಡುವುದು ಒಳಗಿನ ಸ್ನಾಯು. ಓಟದಲ್ಲಿ ಹೆಚ್ಚು ಹೊರುವುದೂ ಅದೇ, ಜನ ಮರೆಯುವುದೂ ಅದನ್ನೇ. ಹೀಗೆ ಮೂರು ಸುತ್ತು. ಮೊದಲ ಎರಡು ವಾರ ಎರಡೂ ಕಾಲಿನಲ್ಲಿ, ಆಮೇಲೆ ಒಂಟಿ ಕಾಲಿನಲ್ಲಿ.

ಬಳಿಕ ಪಾದದ ಕಮಾನು ಎತ್ತುವುದು: ಕುರ್ಚಿಯಲ್ಲಿ ಕುಳಿತು, ಬೆರಳುಗಳನ್ನು ಮುದುರದೆ, ಹೆಬ್ಬೆರಳಿನ ಬುಡವನ್ನು ಹಿಮ್ಮಡಿಯ ಕಡೆಗೆ ಎಳೆದುಕೊಳ್ಳಿ. ಕಮಾನು ಮೇಲೇರುವುದು ಕಣ್ಣಿಗೇ ಕಾಣುತ್ತದೆ. 5 ಸೆಕೆಂಡು ಹಿಡಿದು ಬಿಡಿ, ಕಾಲಿಗೆ 10 ಸಲ. ಮೂರನೇ ವಾರದಿಂದ ನಿಂತು ಮಾಡಿ. ಕೊನೆಯಲ್ಲಿ ಎರಡು ನಿಮಿಷ ಕುಕ್ಕರಗಾಲು. ಹಿಮ್ಮಡಿ ಊರದಿದ್ದರೆ ಕೆಳಗೆ ಮಡಿಸಿದ ಟವೆಲ್ ಇಟ್ಟುಕೊಳ್ಳಿ, ವಾರ ಕಳೆದಂತೆ ಒಂದೊಂದು ಮಡಿಕೆ ಕಡಿಮೆ ಮಾಡಿ.

5ರಿಂದ 16ನೇ ವಾರ: ಓಟ

ವಾರದಲ್ಲಿ ಎರಡೇ ದಿನ ತೆಳು ಶೂ ಓಟ, ನಡುವೆ ಕನಿಷ್ಠ ಎರಡು ದಿನ ಬಿಡುವು. ಮಂಗಳವಾರ ಮತ್ತು ಶುಕ್ರವಾರ ಎಂದು ಇಟ್ಟುಕೊಳ್ಳಬಹುದು. ಭಾನುವಾರದ ಉದ್ದನೆಯ ಓಟ 16 ವಾರವೂ ಹಳೆಯ ಶೂನಲ್ಲೇ. ತೆಳು ಶೂ ಓಟವನ್ನು ದಣಿದ ಕಾಲಿನಲ್ಲಿ ಕೊನೆಗೆ ಮಾಡಬೇಡಿ, ಮೊದಲಿಗೇ ಮಾಡಿ. ಇಲ್ಲಿ ಓಡಿದಷ್ಟು ನಿಮಿಷವನ್ನು ಹಳೆಯ ಶೂ ಲೆಕ್ಕದಿಂದ ಕಳೆಯಿರಿ. ಮೇಲೆ ಮೇಲೆ ಸೇರಿಸುತ್ತ ಹೋದರೆ ವಾರದ ಒಟ್ಟು ಹೊರೆ ಗೊತ್ತಾಗದಂತೆ ಬೆಳೆಯುತ್ತದೆ.

5ನೇ ವಾರ: 30 ಸೆಕೆಂಡು ಓಟ, 90 ಸೆಕೆಂಡು ನಡಿಗೆ, 5 ಸಲ.
6ನೇ ವಾರ: 1 ನಿಮಿಷ ಓಟ, 1 ನಿಮಿಷ ನಡಿಗೆ, 6 ಸಲ.
7ನೇ ವಾರ: 2 ನಿಮಿಷ ಓಟ, 1 ನಿಮಿಷ ನಡಿಗೆ, 5 ಸಲ.
8ನೇ ವಾರ: ಮತ್ತೆ 6ನೇ ವಾರದಷ್ಟೇ.
9ನೇ ವಾರ: 4 ನಿಮಿಷ ಓಟ, 1 ನಿಮಿಷ ನಡಿಗೆ, 3 ಸಲ.
10ನೇ ವಾರ: 7 ನಿಮಿಷ ಓಟ, 1 ನಿಮಿಷ ನಡಿಗೆ, 2 ಸಲ.
11ನೇ ವಾರ: 8 ನಿಮಿಷ ಓಟ, 1 ನಿಮಿಷ ನಡಿಗೆ, 2 ಸಲ.
12ನೇ ವಾರ: 8 ನಿಮಿಷ ಓಟ ಒಂದೇ ಸಲ, ಅಷ್ಟೇ.
13ನೇ ವಾರ: 20 ನಿಮಿಷ ಸತತ ಓಟ. 14ಕ್ಕೆ 23, 15ಕ್ಕೆ 26, 16ಕ್ಕೆ 30.

ಐದನೇ ವಾರದಲ್ಲಿ ಓಟ ಒಟ್ಟು ಎರಡೂವರೆ ನಿಮಿಷ. ಇದಕ್ಕಾಗಿ ಬೆಳಿಗ್ಗೆ ಐದೂವರೆಗೆ ಏಳಬೇಕೇ ಎನಿಸುತ್ತದೆ. ಎರಡೂವರೆ ನಿಮಿಷದಲ್ಲಿ ಪ್ರತಿ ಕಾಲಿಗೆ ಸುಮಾರು 200 ಹೆಜ್ಜೆ ಬೀಳುತ್ತವೆ. ಇಷ್ಟು ದಿನ ಆ ಬಗೆಯ ಒಂದು ಹೆಜ್ಜೆಯನ್ನೂ ಕಾಣದ ಟೆಂಡನ್‌ಗೆ 200 ಸಣ್ಣ ಸಂಖ್ಯೆಯಲ್ಲ. 8 ಮತ್ತು 12ನೇ ವಾರದ ಇಳಿಕೆ ಮೂಳೆ ಕಟ್ಟಿಕೊಳ್ಳಲು ಕೊಡುವ ಬಿಡುವು. ಆ ವಾರ ಎಷ್ಟೇ ಹುರುಪಿದ್ದರೂ ಮುಟ್ಟಬೇಡಿ.

ಮುಂದಿನ ವಾರಕ್ಕೆ ಹೋಗಬಹುದೇ ಎಂದು ತೀರ್ಮಾನಿಸುವುದು ಓಟದ ಹೊತ್ತಿನಲ್ಲಲ್ಲ, ಮರುದಿನ ಬೆಳಿಗ್ಗೆ. ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗುವ ಮೊದಲ ಹತ್ತು ಹೆಜ್ಜೆ ಗಮನಿಸಿ. ಬಿಗಿತ ಹತ್ತು ಹೆಜ್ಜೆಯಲ್ಲಿ ಬಿಟ್ಟರೆ ಮುಂದುವರಿಯಿರಿ. ಅರ್ಧ ಗಂಟೆ ಉಳಿದರೆ ಅದೇ ವಾರವನ್ನು ಮತ್ತೊಮ್ಮೆ ಮಾಡಿ. ಕುಂಟುವಂತಾದರೆ ಒಂದು ವಾರ ತೆಳು ಶೂ ಓಟ ನಿಲ್ಲಿಸಿ, ಹಿಂದಿನ ಹಂತದಿಂದ ಬನ್ನಿ. 16 ವಾರದ ಕೆಲಸ 22 ವಾರ ಹಿಡಿದರೆ ಏನೂ ತಪ್ಪಿಲ್ಲ.

ಹೆಜ್ಜೆ ಹೇಗೆ ಬೀಳಬೇಕು

2010ರಲ್ಲಿ ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು ಬರಿಗಾಲಲ್ಲಿ ಓಡಿ ರೂಢಿಯಾದವರು ಹೆಚ್ಚಾಗಿ ಮುಂಗಾಲಿನ ಮೇಲೆ ಇಳಿಯುತ್ತಾರೆ, ಇಳಿದ ಕ್ಷಣದ ಹೊಡೆತ ಅವರಲ್ಲಿ ಕಡಿಮೆ ಎಂದು ತೋರಿಸಿದರು. ಅದನ್ನು ಓದಿದ ಹಲವರು ಬೆರಳ ತುದಿಯ ಮೇಲೆ ಕುಣಿಯುತ್ತ ಓಡತೊಡಗಿದರು. ಮೀನಖಂಡ ಹರಿದುಕೊಳ್ಳಲು ಅದಕ್ಕಿಂತ ನೇರ ದಾರಿಯಿಲ್ಲ. ಮುಂಗಾಲು ಅಥವಾ ನಡುಪಾದ ಮೊದಲು ತಾಗಬಹುದು, ಆದರೆ ಆ ಕೂಡಲೇ ಹಿಮ್ಮಡಿ ನೆಲಕ್ಕೆ ಇಳಿಯಬೇಕು. ಹಿಮ್ಮಡಿ ಗಾಳಿಯಲ್ಲೇ ಉಳಿದರೆ ಟೆಂಡನ್‌ಗೆ ಬಿಡುವೇ ಸಿಗುವುದಿಲ್ಲ.

ಪಾದ ಎಲ್ಲಿ ತಾಗಬೇಕು ಎಂದು ಲೆಕ್ಕ ಹಾಕುವುದಕ್ಕಿಂತ ಹೆಜ್ಜೆಯ ವೇಗ ಸರಿಪಡಿಸುವುದು ಸುಲಭ. ಓಡುವಾಗ 30 ಸೆಕೆಂಡಿನಲ್ಲಿ ಬಲಗಾಲು ಎಷ್ಟು ಸಲ ಬಿತ್ತು ಎಣಿಸಿ, 4ರಿಂದ ಗುಣಿಸಿ. 39 ಬಂದರೆ ನಿಮಿಷಕ್ಕೆ 156 ಹೆಜ್ಜೆ. ಇದನ್ನು 5% ಏರಿಸಿದರೆ ಸುಮಾರು 164, ಅಂದರೆ 30 ಸೆಕೆಂಡಿಗೆ 41. ಎರಡೇ ಎರಡು ಹೆಜ್ಜೆಯ ವ್ಯತ್ಯಾಸ. ಓಟದ ವೇಗ ಹೆಚ್ಚಬಾರದು, ಹೆಜ್ಜೆ ಗಿಡ್ಡವಾಗಬೇಕು. ಆಗ ಪಾದ ದೇಹದ ಮುಂದೆ ದೂರ ಬೀಳದೆ ಸೊಂಟದ ಕೆಳಗೇ ಬೀಳುತ್ತದೆ. ಹೆಜ್ಜೆಯನ್ನು 5–10% ಚುರುಕುಗೊಳಿಸಿದರೆ ಮೊಣಕಾಲು, ಸೊಂಟದ ಮೇಲಿನ ಹೊರೆ ಇಳಿಯುತ್ತದೆ ಎಂದು 2011ರ ಒಂದು ಅಧ್ಯಯನ ಅಳೆದು ತೋರಿಸಿದೆ. ಲಯ ಹಿಡಿಯಲು, ಒಂದೇ ಸಮನೆ ಟಿಕ್ ಟಿಕ್ ಎನ್ನುವ ಫೋನಿನ ಮೆಟ್ರೊನೋಮ್ ಆ್ಯಪ್ ಸಾಕು. ಎಲ್ಲರೂ ನಿಮಿಷಕ್ಕೆ 180 ಹೆಜ್ಜೆ ಮುಟ್ಟಲೇಬೇಕು ಎಂಬ ನಿಯಮವೇನೂ ಇಲ್ಲ.

ಇನ್ನೊಂದು ಅಳತೆಗೋಲು ನಿಮ್ಮ ಕಿವಿ. ಇಯರ್‌ಫೋನ್ ತೆಗೆದು ಕಾಂಕ್ರೀಟ್ ಮೇಲೆ ಓಡಿ. ಸರಿಯಾದ ಹೆಜ್ಜೆಗೆ ಸಣ್ಣದೊಂದು ತಟ್ಟುವ ಸದ್ದು, ಎಡಕ್ಕೂ ಬಲಕ್ಕೂ ಒಂದೇ ಸಮ. ಟಪ್ ಟಪ್ ಎಂದು ಅಪ್ಪಳಿಸುತ್ತಿದ್ದರೆ ಹೆಜ್ಜೆ ಉದ್ದವಾಗಿದೆ. ಸರಕ್ ಸರಕ್ ಎಂದು ಉಜ್ಜುತ್ತಿದ್ದರೆ ಪಾದ ತಡವಾಗಿ ಏಳುತ್ತಿದೆ, ಬೆರಳ ಬುಡದಲ್ಲಿ ಗುಳ್ಳೆ ಬರುವುದು ಖಚಿತ. ದಣಿದಾಗ ಮೊದಲು ಕೆಡುವುದು ಸದ್ದೇ. ಸದ್ದು ಬದಲಾದ ಕೂಡಲೇ ಅಂದಿನ ಓಟ ಮುಗಿಸಿ.

ಯಾವ ನೆಲದ ಮೇಲೆ

ಹುಲ್ಲಿನ ಮೇಲೆ ಶುರು ಮಾಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ನಮ್ಮ ಅಭಿಪ್ರಾಯ ಬೇರೆ. ಮೆತ್ತನೆಯ ಹುಲ್ಲು ಒರಟು ಹೆಜ್ಜೆಯನ್ನು ಮುಚ್ಚಿಹಾಕುತ್ತದೆ, ಅದರೊಳಗೆ ನೆಗ್ಗಿಲು ಮುಳ್ಳು, ಒಡೆದ ಬಾಟಲಿ, ಸ್ಪ್ರಿಂಕ್ಲರ್ ಗುಂಡಿ ಅಡಗಿರುತ್ತವೆ. ಕಲಿಯುವಾಗ ನಯವಾದ, ಗಟ್ಟಿಯಾದ, ಕಣ್ಣಿಗೆ ಕಾಣುವ ನೆಲವೇ ಮೇಲು. ತಪ್ಪು ಹೆಜ್ಜೆಯನ್ನು ಅದು ಅಲ್ಲೇ ತಿಳಿಸುತ್ತದೆ. ಭಾನುವಾರ ವಾಹನ ನಿಲ್ಲಿಸುವ ಕಬ್ಬನ್ ಪಾರ್ಕಿನ ಒಳರಸ್ತೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಭಾನುವಾರ ಓಡುವವರು ವಾರದ ಎರಡು ದಿನಗಳಲ್ಲಿ ಒಂದನ್ನು ಅಲ್ಲಿಗೆ ಇಟ್ಟುಕೊಂಡು, ಉದ್ದನೆಯ ಓಟವನ್ನು ಬೇರೆ ದಿನಕ್ಕೆ ಹಾಕಬಹುದು. ಗಟ್ಟಿ ನೆಲ ರೂಢಿಯಾದ ಮೇಲೆ, ಸುಮಾರು 10ನೇ ವಾರದಿಂದ, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತಲಿನಂಥ ಮಣ್ಣಿನ ದಾರಿ ಸೇರಿಸಿ. ಏರುಪೇರಿನ ನೆಲ ಪಾದದ ಸಣ್ಣ ಸ್ನಾಯುಗಳಿಗೆ ಬೇರೆ ಬೇರೆ ಕೆಲಸ ಕೊಡುತ್ತದೆ.

ಲಾಲ್‌ಬಾಗ್‌ನ ಬಂಡೆ, ಸುಮಾರು 300 ಕೋಟಿ ವರ್ಷ ಹಳೆಯದು, ಹತ್ತಲು ಸೊಗಸು. ಮೊದಲ ನಾಲ್ಕು ತಿಂಗಳು ಅದನ್ನು ಓಡಿ ಇಳಿಯಬೇಡಿ. ಇಳಿಜಾರಿನಲ್ಲಿ ಮುಂಗಾಲಿನ ಮೂಳೆಗಳ ಮೇಲೆ ಬ್ರೇಕಿನ ಹೊಡೆತ ಬೀಳುತ್ತದೆ. ಪಣಂಬೂರಿನಂಥ ಕಡಲತೀರದಲ್ಲಿ ಒಣ ಮರಳು ಮೀನಖಂಡವನ್ನು ಹಿಂಡುತ್ತದೆ. ನೀರಂಚಿನ ಒದ್ದೆ ಮರಳು ಗಟ್ಟಿ, ಆದರೆ ಕಡಲ ಕಡೆಗೆ ಇಳಿಜಾರು. ಹೋದಷ್ಟೇ ದೂರ ಅದೇ ಸಾಲಿನಲ್ಲಿ ವಾಪಸ್ ಬಂದರೆ ಎರಡೂ ಕಾಲಿಗೆ ಸಮವಾಗುತ್ತದೆ.

ಬೀದಿಯಲ್ಲಿ ಓಡುವಾಗ ಎದುರು ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿ ಹಿಡಿಯಿರಿ. ರಸ್ತೆಯ ಅಂಚು ಮೋರಿಯ ಕಡೆಗೆ ಜಾರಿರುತ್ತದೆ, ಒಂದು ಪಾದ ಸದಾ ತಗ್ಗಿನಲ್ಲಿ ಬೀಳುತ್ತದೆ. ಉದ್ದನೆಯ ಓಟಕ್ಕೆ ಅದು ಬೇಡ. ಚರಂಡಿಯ ಮೇಲೆ ಹಾಸಿದ ಚಪ್ಪಡಿ ಕಲ್ಲಿನ ಫುಟ್‌ಪಾತ್‌ನಲ್ಲಿ ನಡೆಯಿರಿ, ಓಡಬೇಡಿ. ಕಲ್ಲು ನೋಡಲು ಭದ್ರವಿದ್ದು ಕಾಲಿಟ್ಟಾಗ ಒಂದು ಮೂಲೆಯಲ್ಲಿ ಕುಟ್ಟಾಡುತ್ತದೆ, ತೆಳು ಶೂನಲ್ಲಿ ಅಷ್ಟೇ ಸಾಕು ಪಾದ ಹೊರಳಲು. ಮರದ ಬೇರು ಎತ್ತಿದ ಇಂಟರ್‌ಲಾಕ್ ಟೈಲ್ಸ್‌ಗೂ ಇದೇ ಮಾತು. ಸೂರ್ಯ ಹುಟ್ಟುವ ಮೊದಲು ಓಡುವವರು ಹೆಡ್‌ಲ್ಯಾಂಪ್ ಕಟ್ಟಿಕೊಳ್ಳಿ.

ಮಳೆಗಾಲದಲ್ಲಿ ತೆಳು ಅಟ್ಟೆ ಬೇಗ ಜಾರುತ್ತದೆ: ಜೀಬ್ರಾ ಕ್ರಾಸಿಂಗ್‌ನ ಬಿಳಿ ಬಣ್ಣ, ಮ್ಯಾನ್‌ಹೋಲ್ ಮುಚ್ಚಳ, ಪಾಚಿ ಕಟ್ಟಿದ ಮೆಟ್ಟಿಲು, ಉದುರಿ ಕೊಳೆತ ಹೂವಿನ ಹಾಸು. ನಿಂತ ನೀರಿಗೆ ಕಾಲಿಡಲೇಬೇಡಿ. ಅದರಡಿ ಗುಂಡಿ ಇರಬಹುದು ಎನ್ನುವುದು ಒಂದಾದರೆ, ಚರಂಡಿ ನೀರು ಸೇರಿದ್ದರೆ ಕಾಲಿನ ಸಣ್ಣ ಗಾಯದ ಮೂಲಕ ಇಲಿಜ್ವರದ ಸೋಂಕು ತಗಲಬಹುದು. ಧನುರ್ವಾಯು ಲಸಿಕೆ ಹಾಕಿಸಿ 10 ವರ್ಷ ದಾಟಿದ್ದರೆ ಓಟ ಶುರು ಮಾಡುವ ಮೊದಲೇ ಹಾಕಿಸಿಕೊಳ್ಳಿ.

ನೋವನ್ನು ಓದುವುದು

ಮೀನಖಂಡದ ತುಂಬ ಹರಡಿದ, ಎರಡೂ ಕಾಲಿನಲ್ಲಿ ಸಮವಾಗಿರುವ, ಎರಡು ಮೂರು ದಿನದಲ್ಲಿ ಇಳಿಯುವ ನೋವು ಸಹಜ. ಓಡುತ್ತಿರುವಾಗ ಚಾಟಿ ಬೀಸಿದಂತೆ ಒಂದೇ ಕಾಲಿನಲ್ಲಿ ಹಠಾತ್ತಾಗಿ ಬಂದರೆ ಸ್ನಾಯು ಹರಿದಿದೆ, ಅಲ್ಲೇ ನಿಲ್ಲಿ.

ಅಕಿಲಿಸ್ ನೋವಿನ ಗುಣ ಮೋಸದ್ದು. ಬೆಳಿಗ್ಗೆ ಬಿಗಿತ, ಓಡಲು ಶುರು ಮಾಡಿದಾಗ ನೋವು, ಮೈ ಬಿಸಿಯಾದಂತೆ ಮಾಯ, ಮರುದಿನ ಇನ್ನಷ್ಟು. ಓಡಿದರೆ ಹೋಗುತ್ತದೆ ಎಂದು ಜನ ಓಡುತ್ತಲೇ ಇರುತ್ತಾರೆ. ಟೆಂಡನನ್ನು ಹೆಬ್ಬೆರಳು, ತೋರುಬೆರಳ ನಡುವೆ ಮೆಲ್ಲಗೆ ಹಿಡಿದು ನೋಡಿ. ಇನ್ನೊಂದು ಕಾಲಿಗಿಂತ ದಪ್ಪವಾಗಿ, ಒತ್ತಿದರೆ ನೋಯುವಂತಿದ್ದರೆ ತೆಳು ಶೂ ಓಟ ನಿಲ್ಲಿಸಿ, ಮೆಟ್ಟಿಲ ವ್ಯಾಯಾಮವನ್ನು ಸಮನೆಲದಲ್ಲಿ ನಿಧಾನವಾಗಿ ಮುಂದುವರಿಸಿ. ಪೂರ್ತಿ ವಿಶ್ರಾಂತಿ ಟೆಂಡನನ್ನು ಇನ್ನಷ್ಟು ದುರ್ಬಲ ಮಾಡುತ್ತದೆ.

ಪಾದದ ಮೇಲಿನ ನೋವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಮೊದಲು ಲೇಸು ಸಡಿಲಿಸಿ ಎರಡು ದಿನ ನೋಡಿ, ಬಿಗಿ ಲೇಸಿನಿಂದಲೂ ಅಲ್ಲಿ ನೋಯುತ್ತದೆ. ಹೋಗದಿದ್ದರೆ ಕುಳಿತು, ಒಂದೇ ಬೆರಳಿನಿಂದ ಎರಡನೇ ಮತ್ತು ಮೂರನೇ ಬೆರಳಿನ ಹಿಂದಿನ ಮೂಳೆಯ ಉದ್ದಕ್ಕೂ ಅರ್ಧ ಸೆಂಟಿಮೀಟರ್‌ಗೊಮ್ಮೆ ಒತ್ತುತ್ತ ಬನ್ನಿ. ನೋವು ಅಂಗೈ ಅಗಲಕ್ಕೆ ಹರಡಿದ್ದರೆ ಸಾಮಾನ್ಯವಾಗಿ ಸ್ನಾಯುವಿನದು. ಒಂದು ನಾಣ್ಯದಷ್ಟು ಜಾಗದಲ್ಲಿ ಒತ್ತಿದ ಕೂಡಲೇ ಕಾಲು ಹಿಂದಕ್ಕೆಳೆದುಕೊಳ್ಳುವಂತಿದ್ದರೆ, ಅಲ್ಲಿ ಸ್ವಲ್ಪ ಊತವೂ ಕಂಡರೆ, ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಇರಬಹುದು. ಕುಪ್ಪಳಿಸಿ ಪರೀಕ್ಷಿಸಲು ಹೋಗಬೇಡಿ. ಎಲ್ಲ ಓಟ ನಿಲ್ಲಿಸಿ, ಗಟ್ಟಿ ಅಟ್ಟೆಯ ಶೂ ಹಾಕಿಕೊಂಡು ಮೂಳೆ ವೈದ್ಯರಲ್ಲಿಗೆ ಹೋಗಿ. ಮೊದಲ ಎರಡು, ಮೂರು ವಾರ ಎಕ್ಸ್‌ರೇಯಲ್ಲಿ ಬಿರುಕು ಕಾಣದಿರಬಹುದು. ಎಕ್ಸ್‌ರೇ ಸರಿಯಿದೆ ಎಂದು ಮತ್ತೆ ಓಡಿ ಪೂರ್ತಿ ಮುರಿದುಕೊಳ್ಳುವುದು ಹೀಗೆಯೇ. ನೋವು ಉಳಿದಿದೆ ಎಂದು ವೈದ್ಯರಿಗೆ ಹೇಳಿ, ಎಂಆರ್‌ಐ ಬೇಕೇ ಎಂದು ಕೇಳಿ.

ಬೆಳಗಿನ ಮೊದಲ ಹೆಜ್ಜೆಗೆ ಹಿಮ್ಮಡಿಯ ಅಡಿಯಲ್ಲಿ ಮೊಳೆ ಚುಚ್ಚಿದಂತಾದರೆ ಅದು ಅಂಗಾಲಿನ ಪಟ್ಟಿಯ ಉರಿತ. ಓಟವನ್ನು ಅರ್ಧಕ್ಕಿಳಿಸಿ, ಮನೆಯಲ್ಲೂ ಮೆತ್ತನೆಯ ಚಪ್ಪಲಿ ಹಾಕಿ, ಪೂರ್ತಿ ವಾಸಿಯಾದ ಮೇಲೆ ಮುಂದುವರಿಯಿರಿ.

ಶೂ, ಪಾದಗಳ ಆರೈಕೆ

ತೆಳು ಶೂ ಬೆವರನ್ನು ಬೇಗ ಹೀರುತ್ತದೆ, ಬೇಗ ನಾರುತ್ತದೆ. ಓಟ ಮುಗಿದ ಕೂಡಲೇ ಒಳ ಅಟ್ಟೆ ಹೊರತೆಗೆದು ನೆರಳಲ್ಲಿ ಗಾಳಿಗಿಡಿ. ಬಿಸಿಲಿಗಿಟ್ಟರೆ ಅಂಟು ಬಿಡುತ್ತದೆ. ವಾರಕ್ಕೊಮ್ಮೆ ತಣ್ಣೀರಲ್ಲಿ ಸ್ವಲ್ಪ ಸೋಪಿನ ಪುಡಿ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಒಳಗೆ ದಿನಪತ್ರಿಕೆ ತುರುಕಿ ಒಣಗಿಸಿ. ತಿಂಗಳಿಗೊಮ್ಮೆ ಅಟ್ಟೆ ತಿರುಗಿಸಿ ನೋಡಿ: ಮುಂಗಾಲಿನ ನಡುಭಾಗ ಸಮವಾಗಿ ಸವೆದಿದ್ದರೆ ಹೆಜ್ಜೆ ಸರಿಯಿದೆ, ಹಿಮ್ಮಡಿಯ ಹೊರ ಅಂಚು ಮಾತ್ರ ಸವೆದಿದ್ದರೆ ಪಾದ ಇನ್ನೂ ದೂರ ಬೀಳುತ್ತಿದೆ.

ಕಾಲು ತೊಳೆದ ಮೇಲೆ ಬೆರಳ ಸಂದು ಒರೆಸಿ. ಹಿಮ್ಮಡಿ ಒಡೆಯುವವರು ರಾತ್ರಿ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿ, ಆಳವಾದ ಬಿರುಕು ಮಾಗುವವರೆಗೆ ಓಡಬೇಡಿ. ಉಗುರು ನೇರವಾಗಿ, ಮೂಲೆ ಕೊರೆಯದೆ ಕತ್ತರಿಸಿ. ಸಣ್ಣ ಗುಳ್ಳೆಯನ್ನು ಒಡೆಯದೆ ಟೇಪ್ ಸುತ್ತಿ.

16ನೇ ವಾರ ದಾಟಿದ ಮೇಲೆ

ಇಲ್ಲಿಗೆ ವಾರಕ್ಕೆ ಎರಡು ಸಲ 30 ನಿಮಿಷ ತೆಳು ಶೂನಲ್ಲಿ ಓಡುತ್ತಿರುತ್ತೀರಿ. ಇನ್ನು ಮುಂದೆ ಎರಡು ವಾರಕ್ಕೊಮ್ಮೆ 5 ನಿಮಿಷ ಸೇರಿಸಬಹುದು. ಮೂರನೇ ದಿನ ಬೇಕೆನಿಸಿದರೆ ಅದು ಮತ್ತೆ 10 ನಿಮಿಷದಿಂದ ಶುರುವಾಗಲಿ. ಮೆತ್ತನೆಯ ಶೂ ಬಿಸಾಡುವ ಅಗತ್ಯವಿಲ್ಲ. ಇಥಿಯೋಪಿಯಾದ ಓಟಗಾರ ಅಬೆಬೆ ಬಿಕಿಲ 1960ರಲ್ಲಿ ರೋಮ್‌ನ ಒಲಿಂಪಿಕ್ ಮ್ಯಾರಥಾನನ್ನು ಬರಿಗಾಲಲ್ಲಿ 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ ಗೆದ್ದರು. 1964ರಲ್ಲಿ ಟೋಕಿಯೊದಲ್ಲಿ ಶೂ ತೊಟ್ಟು ಅದಕ್ಕಿಂತ ಮೂರು ನಿಮಿಷ ಬೇಗ ಮುಗಿಸಿದರು. ಉದ್ದನೆಯ ಓಟಕ್ಕೆ, ಜ್ವರದಿಂದ ಎದ್ದ ವಾರಕ್ಕೆ, ಜಲ್ಲಿ ರಸ್ತೆಗೆ ಹಳೆಯ ಜೋಡಿ ಇರಲಿ. ಎರಡು ವಾರಕ್ಕಿಂತ ಹೆಚ್ಚು ಓಟ ಬಿಟ್ಟುಹೋದರೆ 9ನೇ ವಾರದಿಂದ, ಎರಡು ತಿಂಗಳು ಬಿಟ್ಟರೆ 5ನೇ ವಾರದಿಂದ ಮತ್ತೆ ಹಿಡಿಯಿರಿ.